ಹೊಗೆ ಎಲ್ಲಿಗೆ ಹೋಗುತ್ತದೆ? – ತಡವಾಗಿ ಬಂದ ಒಂದು ಉತ್ತರ



ಮಾಸ್ತರಿಕೆಯ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ತರಗತಿಯಲ್ಲಿ ನಾನು ಹೇಳಿದ ತಪ್ಪುಗಳು ಒಂದೆರಡಲ್ಲ. ಕೆಲವನ್ನು ಮರುದಿನವೇ ತಿದ್ದಿಕೊಂಡೆ. ಕೆಲವನ್ನು ನೀವೇ ಎದ್ದು ನಿಂತು ತಿದ್ದಿದಿರಿ. ಒಂದು ತಪ್ಪು ಮಾತ್ರ ಹಾಗೆಯೇ ಉಳಿದುಹೋಗಿದೆ. ಅದನ್ನು ನಾನು ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ, ನಲವತ್ತು ಮಕ್ಕಳ ನೋಟುಬುಕ್ಕಿನಲ್ಲಿ ಬರೆಯಿಸಿಯೂ ಇದ್ದೆ. ಇಂದಿನ ಲೇಖನ ಆ ಒಂದು ವಾಕ್ಯದ ತಿದ್ದುಪಡಿ.

1982ರ ಜನವರಿ ತಿಂಗಳು. ದಾಂಡೇಲಿ ಆಗ ಹಳಿಯಾಳ ತಾಲೂಕಿಗೆ ಸೇರಿದ ಊರು. ಚಳಿಗಾಲದ ಮುಂಜಾನೆಗಳಲ್ಲಿ ಕಾಳಿ ನದಿಯ ಮೇಲೆ ಕವಿದ ಮಂಜು ಪ್ರಾರ್ಥನೆಯ ಗಂಟೆ ಹೊಡೆದರೂ ಕರಗುತ್ತಿರಲಿಲ್ಲ. ಅಡುಗೆ ಒಲೆಗಳ ಹೊಗೆ, ಬಚ್ಚಲೊಲೆಗಳ ಹೊಗೆ, ಕಾರ್ಖಾನೆಗಳ ಚಿಮಣಿಗಳ ಹೊಗೆ ಎಲ್ಲವೂ ಮೇಲೇರಲಾರದೆ, ಹಂಚಿನ ಮನೆಗಳ ಎತ್ತರದಲ್ಲಿ ಚಾದರ ಹಾಸಿದಂತೆ ಅಡ್ಡಡ್ಡ ಮಲಗಿರುತ್ತಿದ್ದವು. ಅಂದು ಎಂಟನೆಯ ತರಗತಿಯಲ್ಲಿ ಕೈಗಾರಿಕೆಗಳ ಪಾಠ. ಅಂದಿನ ದಿನಗಳಲ್ಲಿ ಪ್ರಗತಿಯ ಚಿತ್ರ ಬರೆಯಿರಿ ಎಂದರೆ ಯಾವ ಮಗುವಾದರೂ ಎರಡು ಚಿಮಣಿ ಬರೆದು, ಅವುಗಳ ತುದಿಗೆ ಸುರುಳಿ ಸುರುಳಿಯಾಗಿ ಹೊಗೆ ಬರೆಯುತ್ತಿತ್ತು. ನಾನೂ ಕಪ್ಪುಹಲಗೆಯ ಮೇಲೆ ಅದನ್ನೇ ಬರೆದಿದ್ದೆ.

ಎರಡನೆಯ ಸಾಲಿನಲ್ಲಿ ಕೂಡುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಮನೆಯಲ್ಲಿ ತಾಯಿಗೆ ಮೈಯಲ್ಲಿ ಹುಷಾರಿಲ್ಲದ ಕಾರಣ ಬೆಳಗಿನ ಒಲೆ ಅವಳ ಪಾಲಿಗೆ ಬಂದಿತ್ತು. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿದ್ದವು.

"ಸರ, ಹೊಗಿ ಮ್ಯಾಲೆ ಹೋಗಿ ಎಲ್ಲಿಗೆ ಹೋಗ್ತೈತ್ರಿ?"

"ಮ್ಯಾಲೆ ಹೋಗಿ ಗಾಳಿಯೊಳಗ ಕರಗಿ ಹೋಗ್ತೈತಿ. ಕೂಡ್ರು," ಎಂದೆ. ಹುಡುಗರು ನಕ್ಕರು. ಪ್ರಶ್ನೆಗೊಂದು ಗೌರವ ಕೊಟ್ಟಂತಾಗಲಿ ಎಂದು ಅದೇ ಉತ್ತರವನ್ನು ಗ್ರಾಂಥಿಕ ಭಾಷೆಗೆ ತಿರುಗಿಸಿ ಬರೆಯಿಸಿದೆ: 'ಹೊಗೆಯು ಮೇಲೇರಿ ವಾತಾವರಣದಲ್ಲಿ ಲೀನವಾಗುತ್ತದೆ.' ಆಕೆಯೂ ಬರೆದುಕೊಂಡಳು.

ಈ ಪ್ರಸಂಗ ನೆನಪಾದದ್ದು ಕಳೆದ ಚಳಿಗಾಲದಲ್ಲಿ. ಮೊಮ್ಮಗ ಕಂಪ್ಯೂಟರಿನ ಪರದೆಯ ಮೇಲೆ ಭಾರತದ ನಕಾಶೆಯೊಂದನ್ನು ತೆರೆದು ತೋರಿಸಿದ. ಉಪಗ್ರಹವು ಅಳೆದ ವಾಯುಮಾಲಿನ್ಯದ ನಕಾಶೆ ಅದು. ದಿಲ್ಲಿಯ ಸುತ್ತ ಕಡುಕೆಂಪು, ಗಂಗಾ ಬಯಲಿನುದ್ದಕ್ಕೂ ಕಿತ್ತಳೆ, ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿರುವಲ್ಲಿ ಕೆಂಪು ಚುಕ್ಕೆಗಳು. "ಅಜ್ಜಾ, ನಿಮ್ಮ ದಾಂಡೇಲಿ ಇದರಲ್ಲಿ ಕಾಣಿಸುವುದೇ ಇಲ್ಲ," ಎಂದ. ಮನೆಯವರೆಲ್ಲ ಸಂತೋಷಪಟ್ಟರು. ನನಗೆ ಮಾತ್ರ ಆ ಕೆಂಪು ಕಣ್ಣುಗಳು ನೆನಪಾದವು. ಆಕೆಯ ಒಲೆಯ ಹೊಗೆ ನಿಜವಾಗಿ ಎಲ್ಲಿಗೆ ಹೋಯಿತು? ಅದನ್ನು ಕಂಡವರು ಯಾರಾದರೂ ಇದ್ದಾರೆಯೇ? ಓದತೊಡಗಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬಾಹ್ಯಾಕಾಶದಿಂದ ಹೊಗೆ ಕಂಡ ಕತೆ ಒಲೆಯ ಹೊಗೆಯಿಂದಲೇ ಆರಂಭವಾಗುತ್ತದೆ ಎಂದರೆ ನಿಮಗೆ ಆಶ್ಚರ್ಯವಾದೀತು. 1963ರ ಮೇ ತಿಂಗಳಲ್ಲಿ ಅಮೆರಿಕದ ಗಗನಯಾತ್ರಿ ಗಾರ್ಡನ್ ಕೂಪರ್ 'ಫೇಯ್ತ್ 7' ಎಂಬ ಪುಟ್ಟ ನೌಕೆಯಲ್ಲಿ ಭೂಮಿಯನ್ನು 22 ಬಾರಿ ಸುತ್ತಿದರು. ಟಿಬೆಟ್ ಹಾಗೂ ಹಿಮಾಲಯದ ಎತ್ತರದ ಪ್ರದೇಶದ ಮೇಲೆ ಹಾದುಹೋಗುವಾಗ ಕೆಳಗೆ ಮನೆಗಳೂ ಅವುಗಳಿಂದ ಏಳುವ ಹೊಗೆಯೂ ಕಾಣುತ್ತಿವೆ ಎಂದು ವರದಿ ಮಾಡಿದರು. ನೂರಾರು ಕಿಲೋಮೀಟರ್ ಎತ್ತರದಿಂದ ಮನೆಯ ಹೊಗೆ ಕಾಣುವುದು ಸಾಧ್ಯವೇ? ಇದು ಭ್ರಮೆಯಿರಬೇಕು ಎಂದು ಹಲವರು ಸಂದೇಹಪಟ್ಟರು. 1965ರಲ್ಲಿ 'ಜೆಮಿನಿ 5' ನೌಕೆ ಹಾರಿದಾಗ ಟೆಕ್ಸಾಸಿನ ಲಾರೆಡೋ ಬಳಿ ನೆಲದ ಮೇಲೆ ಬಿಳಿಯ ಗುರುತುಗಳನ್ನು ಹಾಸಿ, ಗಗನಯಾತ್ರಿಗಳ ದೃಷ್ಟಿಶಕ್ತಿಯನ್ನು ಪರೀಕ್ಷೆಗೆ ಒಡ್ಡಲಾಯಿತು. ಆ ನೌಕೆಯಲ್ಲಿದ್ದ ಇಬ್ಬರಲ್ಲಿ ಒಬ್ಬರು ಅದೇ ಕೂಪರ್. ಟಿಬೆಟ್ಟಿನ ಗಾಳಿ ವಿರಳವಾದದ್ದು, ಒಣಗಿದ್ದು, ನಿರ್ಮಲವಾದದ್ದು. ಅಲ್ಲಿ ಒಂದು ಎಳೆ ಹೊಗೆಯೂ ಎದ್ದು ಕಾಣಬಲ್ಲದು. ಕೂಪರ್ ಹಾರಿದ ಮೂರು ವರ್ಷಗಳ ನಂತರ, 1966ರಲ್ಲಿ, ಅದೇ ಟಿಬೆಟ್ಟಿನ ನಿರಾಶ್ರಿತರಿಗಾಗಿ ನಮ್ಮ ಮುಂಡಗೋಡಿನಲ್ಲಿ ವಸತಿ ಏರ್ಪಟ್ಟಿತು. ಮುಂಡಗೋಡಿನ ಸಂತೆಯಲ್ಲಿ ಆ ಹಿರಿಯರನ್ನು ಎಷ್ಟೋ ಸಲ ಕಂಡಿದ್ದೇನೆ. ಅವರ ನಾಡಿನ ಒಲೆಯ ಹೊಗೆಗೆ ಇಂಥದೊಂದು ಚರಿತ್ರೆಯಿದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಆದರೆ ಕಣ್ಣಿಗೆ ಕಾಣುವುದು ಬೇರೆ, ಅಳೆಯುವುದು ಬೇರೆ. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯಾತ್ರಿಗಳು ತೆಗೆದ ಭೂಮಿಯ ಪೂರ್ಣಚಿತ್ರವನ್ನು ನೀವೆಲ್ಲರೂ ನೋಡಿದ್ದೀರಿ. ನೀಲಿ ಗೋಲಿಯಂಥ ಭೂಮಿ, ಬಿಳಿ ಮೋಡ, ಕಂದು ಬಣ್ಣದ ಆಫ್ರಿಕಾ. ಅದರಲ್ಲಿ ಹೊಗೆಯ ಕುರುಹೇ ಇಲ್ಲ. ಅಷ್ಟು ದೂರದಿಂದ ನೋಡಿದರೆ ನನ್ನ ವಾಕ್ಯವೇ ಸರಿ ಎನ್ನಿಸುತ್ತದೆ. ನಮ್ಮವರೂ ಸುಮ್ಮನಿರಲಿಲ್ಲ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ 'ಆರ್ಯಭಟ' 1975ರ ಏಪ್ರಿಲ್ 19ರಂದು ಕಕ್ಷೆಗೆ ಏರಿತು. 1979ರ ಜೂನಿನಲ್ಲಿ 'ಭಾಸ್ಕರ' ಭೂಮಿಯನ್ನು ನೋಡುವ ಕ್ಯಾಮೆರಾ ಹೊತ್ತು ಹಾರಿತು. ಆ ಸುದ್ದಿಗಳನ್ನು ಪ್ರಾರ್ಥನೆಯ ಹೊತ್ತಿನಲ್ಲಿ ನಾನೇ ಓದಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಕಣ್ಣಿಗೆ ಕಾಣದ ಅನಿಲವನ್ನು ಉಪಗ್ರಹ ಹೇಗೆ ಹಿಡಿಯುತ್ತದೆ? ಇದು ನೀವು ಒಂಬತ್ತನೆಯ ತರಗತಿಯಲ್ಲಿ ಅಶ್ರಗದ ಪಾಠದಲ್ಲಿ ಓದಿದ ವಿಷಯವೇ. ಸೂರ್ಯನ ಬೆಳಕು ವಾತಾವರಣವನ್ನು ತೂರಿ ನೆಲಕ್ಕೆ ಬಡಿದು, ಹಿಂದಿರುಗಿ ಆಕಾಶಕ್ಕೆ ಹೋಗುತ್ತದೆ. ದಾರಿಯಲ್ಲಿ ಪ್ರತಿಯೊಂದು ಅನಿಲವೂ ತನಗೆ ಬೇಕಾದ ಬಣ್ಣದ ಎಳೆಯನ್ನು ಮಾತ್ರ ನುಂಗಿಕೊಳ್ಳುತ್ತದೆ. ಉಪಗ್ರಹದಲ್ಲಿರುವ ಉಪಕರಣ ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಯಾವ ಎಳೆ ಎಷ್ಟು ಕಡಿಮೆಯಾಗಿದೆ ಎಂದು ನೋಡುತ್ತದೆ. ಕಡಿಮೆಯಾದದ್ದು ಹೆಚ್ಚಿದಷ್ಟೂ ಆ ಅನಿಲ ದಾರಿಯಲ್ಲಿ ಹೆಚ್ಚಿತ್ತು ಎಂದರ್ಥ. ಜಾತ್ರೆಯಿಂದ ಮರಳಿದ ಮಗನ ಜೇಬಿನಲ್ಲಿ ಉಳಿದ ಚಿಲ್ಲರೆ ಎಣಿಸಿ, ಅವನು ಎಲ್ಲೆಲ್ಲಿ ನಿಂತಿದ್ದ ಎಂದು ತಾಯಿ ಊಹಿಸುವುದಿಲ್ಲವೇ, ಹಾಗೆ. 1978ರಲ್ಲಿ ಹಾರಿದ 'ನಿಂಬಸ್ 7' ಉಪಗ್ರಹದಲ್ಲಿ ಓಜೋನ್ ಅಳೆಯಲೆಂದು ಇಟ್ಟಿದ್ದ ಉಪಕರಣವು, 1982ರಲ್ಲಿ ಮೆಕ್ಸಿಕೋದ ಎಲ್ ಚಿಚೋನ್ ಜ್ವಾಲಾಮುಖಿ ಸಿಡಿದಾಗ ಅದರ ಗಂಧಕದ ಡೈಆಕ್ಸೈಡ್ ಮೋಡವನ್ನೂ ಗುರುತಿಸಿಬಿಟ್ಟಿತು.

ಅದಕ್ಕೂ ಮುಂಚಿನ ಒಂದು ಘಟನೆ ನನ್ನನ್ನು ನೇರವಾಗಿ ತಟ್ಟುತ್ತದೆ. 1981ರ ನವೆಂಬರ್ 12ರಂದು 'ಕೊಲಂಬಿಯಾ' ಬಾಹ್ಯಾಕಾಶ ಲಾಳಿ ತನ್ನ ಎರಡನೆಯ ಯಾನಕ್ಕೆ ಹೊರಟಿತು. ವಿದ್ಯುತ್ ಕೋಶವೊಂದು ಕೆಟ್ಟದ್ದರಿಂದ ಐದು ದಿನಗಳ ಯಾನ ಎರಡೇ ದಿನಕ್ಕೆ ಮುಗಿಯಿತು. ಅಷ್ಟರಲ್ಲಿಯೇ ಅದರಲ್ಲಿದ್ದ ಒಂದು ಉಪಕರಣ ಭೂಮಿಯ ಮೇಲಿನ ಕಾರ್ಬನ್ ಮೊನಾಕ್ಸೈಡನ್ನು ಅಳೆದಿತ್ತು. ಬೆಂಕಿ ಪೂರ್ತಿ ಉರಿಯದೆ ಹೊಗೆಯಾಡಿದಾಗ ಹುಟ್ಟುವ ವಿಷಾನಿಲ ಅದು. ಕಾರ್ಖಾನೆಗಳೂ ಮೋಟಾರುಗಳೂ ತುಂಬಿದ ಉತ್ತರದ ಸಿರಿವಂತ ದೇಶಗಳ ಮೇಲೆಯೇ ಅದು ಹೆಚ್ಚು ಇದ್ದೀತು ಎಂದು ವಿಜ್ಞಾನಿಗಳು ಎಣಿಸಿದ್ದರು. ಉಷ್ಣವಲಯದ ಮೇಲೂ ಅದು ಧಾರಾಳವಾಗಿ ಕಂಡಿತು. ಕಾಡು ಹಾಗೂ ಹುಲ್ಲುಗಾವಲುಗಳಿಗೆ ಇಟ್ಟ ಬೆಂಕಿಯ ಹೊಗೆ ಸಾವಿರಾರು ಕಿಲೋಮೀಟರ್ ಸಾಗುತ್ತದೆ ಎಂಬುದು ಹೀಗೆ ತಿಳಿದುಬಂತು. ಗಮನಿಸಿ: ಇದು ನಡೆದದ್ದು 1981ರ ನವೆಂಬರಿನಲ್ಲಿ. ನಾನು 'ಲೀನವಾಗುತ್ತದೆ' ಎಂದು ಬರೆಯಿಸಿದ್ದು ಎರಡು ತಿಂಗಳ ಬಳಿಕ.

ನಮ್ಮ ಸೀಮೆಯ ಹೊಗೆಯ ವಿಳಾಸ ಸಿಕ್ಕಿದ್ದು ಇನ್ನೂ ಹದಿನೇಳು ವರ್ಷಗಳ ನಂತರ. 1999ರ ಜನವರಿಯಿಂದ ಮಾರ್ಚ್‌ವರೆಗೆ ಹಿಂದೂ ಮಹಾಸಾಗರದಲ್ಲಿ 'ಇಂಡೋಯೆಕ್ಸ್' ಎಂಬ ಅಂತರರಾಷ್ಟ್ರೀಯ ಪ್ರಯೋಗ ನಡೆಯಿತು. ಅದರ ಮುಂದಾಳುಗಳಲ್ಲಿ ಒಬ್ಬರು ನೊಬೆಲ್ ಪುರಸ್ಕೃತ ಪಾಲ್ ಕ್ರುಟ್ಜೆನ್. ಇನ್ನೊಬ್ಬರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ತೆರಳಿದ ವಿ. ರಾಮನಾಥನ್. ಭಾರತದ 'ಸಾಗರಕನ್ಯಾ' ನೌಕೆಯೂ ವಿಮಾನಗಳೂ ಉಪಗ್ರಹಗಳೂ ಮಾಲ್ಡೀವ್ಸ್‌ನ ದ್ವೀಪವೊಂದರ ವೀಕ್ಷಣಾಲಯವೂ ಅದರಲ್ಲಿ ಪಾಲ್ಗೊಂಡವು. ದಡದಿಂದ ಬಹುದೂರ, ಶುಭ್ರವಾಗಿರಬೇಕಾಗಿದ್ದ ಸಮುದ್ರದ ಗಾಳಿಯಲ್ಲಿ ಅವರು ಕಂಡದ್ದು ಮೂರು ಕಿಲೋಮೀಟರಿನಷ್ಟು ಎತ್ತರಕ್ಕೆ ಹಬ್ಬಿದ ಕಂದು ಮಬ್ಬು. ಚಳಿಗಾಲದಲ್ಲಿ ನಮ್ಮ ನೆಲದಿಂದ ಸಮುದ್ರದ ಕಡೆಗೆ ಗಾಳಿ ಬೀಸುತ್ತದೆ. ಮಳೆಯಿಲ್ಲದ ಕಾರಣ ಹೊಗೆಯನ್ನು ತೊಳೆದು ಕೆಳಗಿಳಿಸುವವರಿಲ್ಲ. ಜನವರಿಯ ಬೆಳಗಿನಲ್ಲಿ ಕಾಳಿಯ ಮೇಲೆ ಮಲಗಿದ ಹೊಗೆ ಬಿಸಿಲೇರಿದ ಮೇಲೆ ಎದ್ದು, ಆ ಗಾಳಿಯ ಜೊತೆಗೂಡಿ ಘಟ್ಟ ದಾಟಿ ಅರಬ್ಬೀ ಸಮುದ್ರದ ದಾರಿ ಹಿಡಿಯುತ್ತಿತ್ತು. ನದಿ ಕಾರವಾರದ ಬಳಿ ಎಲ್ಲಿ ಸಮುದ್ರ ಸೇರುತ್ತದೆ ಎಂದು ನಕಾಶೆಯಲ್ಲಿ ಬೆರಳಿಟ್ಟು ತೋರಿಸುತ್ತಿದ್ದ ನಾನು, ಹೊಗೆಯೂ ಅತ್ತಲೇ ಹೋಗುತ್ತದೆ ಎಂದು ಯೋಚಿಸಿರಲೇ ಇಲ್ಲ.

ಆ ಮಬ್ಬಿನಲ್ಲಿ ಕಾರ್ಖಾನೆ ಮೋಟಾರುಗಳ ಪಾಲೆಷ್ಟು, ಒಲೆ ಹಾಗೂ ಹೊಲಗಳ ಪಾಲೆಷ್ಟು? ಉಪಗ್ರಹಕ್ಕೆ ಇದನ್ನು ಹೇಳಲು ಬರುವುದಿಲ್ಲ. ಉತ್ತರ ದೊರೆತದ್ದು ನೆಲದ ಮೇಲೆ, ಅದೂ ನಮ್ಮ ಪಶ್ಚಿಮ ಘಟ್ಟದ ಮೇಲೆಯೇ. ಪುಣೆಯ ಬಳಿಯ ಸಿಂಹಗಡದಲ್ಲಿ ಮತ್ತು ಮಾಲ್ಡೀವ್ಸ್‌ನಲ್ಲಿ ಚಳಿಗಾಲದ ಮಸಿಯನ್ನು ಸಂಗ್ರಹಿಸಿ, ಅದರಲ್ಲಿರುವ ಕಾರ್ಬನ್ 14ನ್ನು ಅಳೆಯಲಾಯಿತು. ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದ ಕಲ್ಲಿದ್ದಲು, ಎಣ್ಣೆಗಳಲ್ಲಿ ಕಾರ್ಬನ್ 14 ಉಳಿದಿರುವುದಿಲ್ಲ. ನಿನ್ನೆ ಮೊನ್ನೆಯವರೆಗೆ ಬದುಕಿದ್ದ ಕಟ್ಟಿಗೆ, ಹುಲ್ಲು, ಸಗಣಿಗಳಲ್ಲಿ ಇರುತ್ತದೆ. ಸ್ವೀಡನ್ನಿನ ಓರ್ಯನ್ ಗುಸ್ತಾಫ್‌ಸನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಆ ಮಸಿಯಲ್ಲಿ ಅರ್ಧದಿಂದ ಮೂರರಲ್ಲಿ ಎರಡರಷ್ಟು ಪಾಲು ಕಟ್ಟಿಗೆ, ಸಗಣಿ, ಬೆಳೆಯ ಕಸಗಳನ್ನು ಉರಿಸಿದ್ದರಿಂದ ಬಂದದ್ದು. ಸಮುದ್ರದ ನಡುವಿನ ಹತ್ತಿಯ ಪದರದಂಥ ಒಂದು ಸೋಸುಹಾಳೆಯ ಮೇಲೆ ನಮ್ಮ ಒಲೆಗಳು ತಮ್ಮ ಗುರುತು ಬಿಟ್ಟಿದ್ದವು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2002ರಲ್ಲಿ ಈ ಮಬ್ಬನ್ನು 'ಏಷ್ಯಾದ ಕಂದು ಮೋಡ' ಎಂದು ಕರೆದು ವರದಿ ಹೊರಡಿಸಿದಾಗ ಭಾರತದಲ್ಲಿ ದೊಡ್ಡ ಚರ್ಚೆ ಎದ್ದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್ ಅವರು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅದೇ ವರ್ಷ ಲೇಖನ ಬರೆದು, ಆ ವರದಿಯಲ್ಲಿ ವಾಸ್ತವದೊಡನೆ ಕಲ್ಪನೆಯೂ ಬೆರೆತಿದೆ ಎಂದು ವಾದಿಸಿದರು. ಮುಂದೆ ಆ ಹೆಸರನ್ನೇ ಬದಲಿಸಿ 'ವಾತಾವರಣದ ಕಂದು ಮೋಡ' ಎಂದು ಮಾಡಲಾಯಿತು. ಹೆಸರಿನ ಜಗಳ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಮೇಲಿನಿಂದ ನೋಡುವವನು ಹೊಗೆಯನ್ನು ಕಾಣುತ್ತಾನೆ, ಒಲೆ ಊದುವವಳನ್ನು ಕಾಣುವುದಿಲ್ಲ. ಆಕೆಗೆ ಕೊಡಬೇಕಾಗಿದ್ದ ಉತ್ತರವನ್ನು ಆಕೆಯ ಮೇಲಿನ ಆರೋಪವಾಗಿ ಮಾಡುವುದು ಬಹಳ ಸುಲಭ. ಆ ಹುಡುಗಿಗೆ ಹಸಿ ಸೌದೆಯಲ್ಲದೆ ಬೇರೆ ಏನಿತ್ತು? 2011ರ ಜನಗಣತಿಯಲ್ಲಿಯೂ ದೇಶದ ಸುಮಾರು ಮೂರರಲ್ಲಿ ಎರಡು ಮನೆಗಳ ಅಡುಗೆ ನಡೆಯುತ್ತಿದ್ದದ್ದು ಕಟ್ಟಿಗೆ, ಸಗಣಿ, ಬೆಳೆಯ ಕಸಗಳ ಮೇಲೆಯೇ. ಆ ಹೊಗೆಯನ್ನು ಮೊದಲು ಕುಡಿದವರು ಮಾಲ್ಡೀವ್ಸ್‌ನವರಲ್ಲ, ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ ನಮ್ಮ ತಾಯಂದಿರು.

ಇದನ್ನು ಬಹಳ ಹಿಂದೆಯೇ ಮನಗಂಡವರೂ ನಮ್ಮಲ್ಲಿದ್ದರು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ರೂಪುಗೊಂಡ ಮೂರು ಪಾತ್ರೆಗಳ, ಹೊಗೆಕೊಳವೆಯುಳ್ಳ 'ಅಸ್ತ್ರ ಒಲೆ' ಎಂಬತ್ತರ ದಶಕದಲ್ಲಿ ಕರ್ನಾಟಕದ ಊರೂರುಗಳಿಗೆ ಬಂತು. ನಮ್ಮ ಮನೆಯಲ್ಲಿಯೂ ಒಂದನ್ನು ಕಟ್ಟಿಸಿದೆವು. ಸೌದೆ ಉಳಿಯಿತು, ಪಾತ್ರೆಯ ಮಸಿ ಕಡಿಮೆಯಾಯಿತು, ಮನೆಯವರ ಕಣ್ಣುರಿ ನಿಂತಿತು. ಮೊದಲ ದಿನ ಹಿತ್ತಿಲಿಗೆ ಹೋಗಿ ಕೊಳವೆಯ ತುದಿ ನೋಡಿದ ನನ್ನ ಶ್ರೀಮತಿ, "ನಮ್ಮ ಹೊಗಿ ಈಗ ಬಾಜೂಮನಿಯವ್ರಿಗೆ ಹೊಂಟ್ತು ನೋಡ್ರಿ," ಎಂದಳು. ಅದೊಂದು ತಮಾಷೆಯ ಮಾತು ಎಂದು ನಕ್ಕುಬಿಟ್ಟೆ. ವಾಯುಮಾಲಿನ್ಯದ ಬಗ್ಗೆ ನಾನು ಆಮೇಲೆ ಓದಿದ ಎಷ್ಟೋ ಪುಟಗಳ ಸಾರಾಂಶ ಆ ಮಾತಿನಲ್ಲಿತ್ತು.

ಇನ್ನು ಮೊಮ್ಮಗನ ನಕಾಶೆಗೆ ಬರುತ್ತೇನೆ. ಇಂಥ ನಕಾಶೆಗಳಿಗೆ ಬೇಕಾದ ಅಳತೆಗಳನ್ನು ಇಂದು ಕೊಡುತ್ತಿರುವವುಗಳಲ್ಲಿ ಯುರೋಪಿನವರು 2017ರ ಅಕ್ಟೋಬರ್ 13ರಂದು ಹಾರಿಸಿದ 'ಸೆಂಟಿನೆಲ್ 5ಪಿ' ಉಪಗ್ರಹ ಮುಖ್ಯವಾದದ್ದು. ಅದು ಸಾರಜನಕದ ಡೈಆಕ್ಸೈಡನ್ನು ಅಳೆಯುವ ಒಂದೊಂದು ಚೌಕ ಸುಮಾರು ಐದೂವರೆ ಕಿಲೋಮೀಟರ್ ಉದ್ದ, ಮೂರೂವರೆ ಕಿಲೋಮೀಟರ್ ಅಗಲ. ನಮ್ಮ ಬಜಾರ, ಶಾಲೆ, ಕಾರ್ಮಿಕರ ವಸತಿ, ನಾಟಾ ಡಿಪೋ, ನದಿ ಇವೆಲ್ಲ ಒಂದೆರಡು ಚೌಕಗಳಲ್ಲಿ ಮುಗಿದುಹೋಗುತ್ತವೆ; ಸುತ್ತಲಿನ ಕಾಡಿನ ಶುದ್ಧ ಗಾಳಿಯೂ ಅದೇ ಲೆಕ್ಕಕ್ಕೆ ಸೇರಿ ಬಣ್ಣ ತಿಳಿಯಾಗುತ್ತದೆ. ಆ ಉಪಗ್ರಹ ನಮ್ಮ ನೆತ್ತಿಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ. ಒಲೆಗಳು ಉರಿಯುವುದು ಮುಂಜಾನೆ ಮತ್ತು ಸಂಜೆ. ಮಳೆಗಾಲದ ತಿಂಗಳುಗಳಲ್ಲಿ ಘಟ್ಟದ ಮೇಲೆ ಮೋಡ ಮುಚ್ಚಿರುವುದರಿಂದ ಬಹುಪಾಲು ದಿನ ಏನೂ ಕಾಣುವುದಿಲ್ಲ. ನೆಲದಿಂದ ಆಕಾಶದವರೆಗಿನ ಇಡೀ ಕಂಬವನ್ನು ಅದು ಒಟ್ಟಾಗಿ ಅಳೆಯುತ್ತದೆಯೇ ಹೊರತು, ನಮ್ಮ ಮೂಗಿನ ಎತ್ತರದಲ್ಲಿ ಎಷ್ಟಿದೆ ಎಂದು ನೇರವಾಗಿ ಹೇಳದು. ಉಪಗ್ರಹಕ್ಕೆ ಮೂಗೂ ಇಲ್ಲ. ಬಿದಿರು, ಕಟ್ಟಿಗೆಗಳನ್ನು ಗಂಧಕದ ಲವಣಗಳಲ್ಲಿ ಬೇಯಿಸಿ ಕಾಗದದ ತಿರುಳು ತೆಗೆಯುವ ಪ್ರಪಂಚದ ಯಾವ ಊರಿನಲ್ಲಾದರೂ ಮಕ್ಕಳು ಗಾಳಿಯ ದಿಕ್ಕನ್ನು ವಾಸನೆಯಿಂದಲೇ ಹೇಳಬಲ್ಲರು. ಆ ಗಂಧಕದ ಸಂಯುಕ್ತಗಳ ಅತ್ಯಲ್ಪ ಅಂಶವನ್ನೂ ಮನುಷ್ಯನ ಮೂಗು ಗುರುತಿಸುತ್ತದೆ. ಎಂಟುನೂರು ಕಿಲೋಮೀಟರ್ ಎತ್ತರದ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಆದ್ದರಿಂದ ನಕಾಶೆಯಲ್ಲಿ ಕಾಣಿಸದ ಊರಿನಲ್ಲಿ ಹೊಗೆಯೇ ಇಲ್ಲ ಎಂದು ತಿಳಿಯಬಾರದು.

ಹಾಗೆಂದು ಉಪಗ್ರಹವನ್ನು ಹಳಿಯುವುದೂ ನ್ಯಾಯವಲ್ಲ. ಮಾರ್ಚ್ ತಿಂಗಳಲ್ಲಿ ಜೋಯಿಡಾದ ಕಾಡಿನ ತರಗೆಲೆಗೆ ಬೆಂಕಿ ಬಿದ್ದರೆ ಅದನ್ನು ಮೇಲಿನಿಂದ ಕಂಡು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ನಡೆಸಿಕೊಂಡು ಬಂದಿದೆ. 2020ರ ಏಪ್ರಿಲಿನಲ್ಲಿ ದೇಶವೆಲ್ಲ ಬಾಗಿಲು ಹಾಕಿ ಕುಳಿತಾಗ, ಉತ್ತರ ಭಾರತದ ಮೇಲಿನ ದೂಳು ಹೊಗೆಯ ಕಣಗಳು ಇಪ್ಪತ್ತು ವರ್ಷಗಳಲ್ಲೇ ಅತಿ ಕಡಿಮೆಯಾದದ್ದನ್ನು ನಾಸಾದ ಉಪಗ್ರಹಗಳು ತೋರಿಸಿದವು. ಜಲಂಧರದ ಜನ ಮನೆಯ ಮಾಳಿಗೆಯಿಂದ ಧೌಲಾಧಾರದ ಹಿಮಶಿಖರಗಳನ್ನು ಕಂಡರು. ಇದರಲ್ಲಿ ನನಗೆ ತಿಳಿದ ಮುಖ್ಯ ಸಂಗತಿಯೆಂದರೆ, ಒಲೆಯ ಮಸಿ ಗಾಳಿಯಲ್ಲಿ ಉಳಿಯುವುದು ಹೆಚ್ಚೆಂದರೆ ವಾರದ ಆಸುಪಾಸು. ಆಮೇಲೆ ಮಳೆಯೊಡನೆ, ಇಬ್ಬನಿಯೊಡನೆ ನೆಲಕ್ಕೋ ಕಡಲಿಗೋ ಇಳಿಯುತ್ತದೆ. ಇಂಗಾಲದ ಡೈಆಕ್ಸೈಡಿನಂತೆ ಶತಮಾನಗಳ ಕಾಲ ಕೂಡುವುದಿಲ್ಲ. ಇಂದು ಒಲೆ ಬದಲಾದರೆ ಮುಂದಿನ ವಾರದ ಗಾಳಿ ಬದಲಾಗುತ್ತದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಕೋಟ್ಯಂತರ ಮನೆಗಳಿಗೆ ಗ್ಯಾಸ್ ಬಂದದ್ದಕ್ಕೆ ಬೆಲೆ ಇರುವುದು ಇದರಿಂದಲೇ. ಸಿಲಿಂಡರು ಮನೆಗೆ ಬಂದರಷ್ಟೇ ಸಾಲದು, ಅದನ್ನು ಮತ್ತೆ ಮತ್ತೆ ತುಂಬಿಸಿಕೊಳ್ಳುವ ಶಕ್ತಿಯೂ ಮನೆಗೆ ಬರಬೇಕು ಎಂಬುದು ಬೇರೆ ಮಾತು.

ಎರಡು ತಿಂಗಳ ಹಿಂದೆ ಹಳಿಯಾಳದಲ್ಲಿ ಒಂದು ಮದುವೆ. ಊಟದ ಪಂಕ್ತಿಯಿಂದ ಎದ್ದು ಬರುವಾಗ ಹೆಣ್ಣುಮಗಳೊಬ್ಬಳು ಬಂದು ಕಾಲಿಗೆರಗಿದಳು. ಕೂದಲು ನರೆತಿತ್ತು, ಕಂಕುಳಲ್ಲಿ ಮೊಮ್ಮಗು. ಹೆಸರು ಹೇಳಿದಾಗ ಗುರುತು ಹತ್ತಿತು. ಅಂಗಳದ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಅರ್ಧ ತಾಸು ಈ ಕತೆಯನ್ನೆಲ್ಲ ಹೇಳಿದೆ. ಆಕೆ ಆ ಪ್ರಶ್ನೆ ಕೇಳಿದ್ದನ್ನೇ ಮರೆತಿದ್ದಳು. ನಡುನಡುವೆ ಕೆಮ್ಮು ಬರುತ್ತಿತ್ತು. ಅದು ಯಾವುದರ ಕೆಮ್ಮು ಎಂದು ನಾನು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ.

"ಅಡಗಿಗೆ ಗ್ಯಾಸ್ ಐತ್ರಿ ಸರ. ಆದ್ರ ಜಳಕದ ನೀರಿಗೆ ಇನ್ನೂ ಹಂಡೇನ, ಕಟ್ಟಿಗೀನ," ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನಮ್ಮವ್ವ ಊದಿದ ಹೊಗಿ ಸಮುದ್ರ ನೋಡಿ ಬಂತು ಅನ್ರಿ. ಆಕೀ ಮಾತ್ರ ಒಮ್ಮೆನೂ ಕಾರವಾರಕ್ಕ ಹೋಗಲಿಲ್ಲ," ಎಂದಳು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಂಡೆಯ ಒಲೆಯನ್ನಾದರೂ ಬಚ್ಚಲಿನಿಂದ ಹೊರಗೆ ಇಡಿಸು, ಹಸಿ ಕಟ್ಟಿಗೆ ಹಾಕಬೇಡ, ಮಗುವನ್ನು ಅದರ ಮುಂದೆ ಕೂಡಿಸಬೇಡ ಎಂದು ಹೇಳಿದೆ. ಹೂಂ ಎಂದಳು.

1982ರ ಎಂಟನೆಯ ತರಗತಿಯಲ್ಲಿ ಕುಳಿತಿದ್ದವರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಆ ನೋಟುಬುಕ್ಕು ಯಾರ ಅಟ್ಟದ ಮೇಲೂ ಉಳಿದಿರಲಾರದು, ನಿಜ. ಆದರೂ ಮನಸ್ಸಿನಲ್ಲಿ ಎಲ್ಲಿಯಾದರೂ ಆ ವಾಕ್ಯ ಉಳಿದಿದ್ದರೆ ಕೆಂಪು ಶಾಯಿಯಿಂದ ಹೊಡೆದುಹಾಕಿ, ಅದರ ಕೆಳಗೆ ಹೀಗೆ ಬರೆದುಕೊಳ್ಳಿ: 'ಹೊಗೆಯು ಮೊದಲು ಒಲೆಯ ಮುಂದಿರುವವರ ಎದೆಗೆ ಹೋಗುತ್ತದೆ, ಉಳಿದದ್ದು ಗಾಳಿ ಬೀಸಿದತ್ತ ಹೋಗುತ್ತದೆ.'

ಇಂತಿ ನಿಮ್ಮ ಮಾಸ್ತರು.